ಹೆಣ್ಣುನಾಯಿಗಳ ಹೊಟ್ಟೆಯೊಳಗಿನ ಕೀವು, ಗಡ್ಡೆ ಮತ್ತು ಸಿಗದ ಸ್ಕ್ಯಾನ್: ಕೆಕೆಆರ್‌ಡಿಬಿ ಅಧ್ಯಕ್ಷರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ,
ಕಲಬುರಗಿ

ವಿಷಯ: ಯಾದಗಿರಿ ಜಿಲ್ಲೆಯಲ್ಲಿ ನಾಯಿ, ಕುರಿ, ಮೇಕೆಗಳ ಹೊಟ್ಟೆಯ ಸ್ಕ್ಯಾನ್ ಹಾಗೂ ತುರ್ತು ಶಸ್ತ್ರಚಿಕಿತ್ಸೆಗೆ ವ್ಯವಸ್ಥೆ ಮಾಡಿಕೊಡುವ ಕುರಿತು.

ಮಾನ್ಯರೇ,

ನಾನು ಶಹಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ರಸ್ತೆ, ಶಾಲಾ ಕೊಠಡಿ, ಕುಡಿಯುವ ನೀರು ಕೇಳಿ ನಿಮಗೆ ದಿನವೂ ಮನವಿಗಳು ಬರುತ್ತವೆ. ಅವುಗಳ ನಡುವೆ ಹೆಣ್ಣುನಾಯಿಗಳ ಗರ್ಭಕೋಶದ ಕಾಯಿಲೆ ಎಂಬ ವಿಷಯ ಕಂಡರೆ ಓದದೆ ಪಕ್ಕಕ್ಕಿಡುವವರೇ ಹೆಚ್ಚು ಎಂಬುದು ನನಗೆ ಗೊತ್ತು. ಆದ್ದರಿಂದಲೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ಗುಣವಾಗುವ ಕಾಯಿಲೆಯೊಂದು ನಮ್ಮ ಜಿಲ್ಲೆಯಲ್ಲಿ ಬರೀ ಗುರುತು ಹಿಡಿಯುವವರಿಲ್ಲದೆ ಪ್ರಾಣಿಗಳನ್ನು ಕೊಲ್ಲುತ್ತಿದೆ. ಅದನ್ನು ತಡೆಯಲು ಬೇಕಾದ ಸಾಧನ ಕೊಡಿಸುವ ಶಕ್ತಿ ಮಂಡಳಿಗಿದೆ.

ಈ ಕಾಯಿಲೆಗೆ ವೈದ್ಯರು ಪಯೋಮೆಟ್ರಾ ಎನ್ನುತ್ತಾರೆ. ಗರ್ಭಕೋಶದಲ್ಲಿ ಕೀವು ತುಂಬುವುದು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಯಾವ ಹೆಣ್ಣುನಾಯಿಗೂ ಇದು ಬರಬಹುದು; ಐದಾರು ವರ್ಷ ದಾಟಿದವಕ್ಕೆ ಹೆಚ್ಚು. ಸ್ವೀಡನ್ ದೇಶದಲ್ಲಿ ನಾಯಿಗಳಿಗೂ ವಿಮೆ ಇಳಿಸುವ ರೂಢಿ ಇರುವುದರಿಂದ ಅಲ್ಲಿ ಇದರ ಲೆಕ್ಕ ಸಿಕ್ಕಿದೆ: ಹತ್ತು ವರ್ಷ ತುಂಬುವುದರೊಳಗೆ ನಾಲ್ಕೈದು ಹೆಣ್ಣುನಾಯಿಗಳಲ್ಲಿ ಒಂದಕ್ಕೆ ಈ ಕಾಯಿಲೆ ಬರುತ್ತದೆ. ನಮ್ಮಲ್ಲಿ ಲೆಕ್ಕ ಇಟ್ಟವರಿಲ್ಲ. ‘ನಾಯಿ ಊಟ ಬಿಟ್ಟಿತ್ತು, ಸತ್ತುಹೋಯಿತು’ ಎಂದು ಹೇಳಿ ಹೊಲದ ಬದುವಿನಲ್ಲಿ ಹೂಳುತ್ತೇವೆ, ಅಷ್ಟೇ.

ಹೀಗಾಗುವುದು ಏಕೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಮನವಿಯ ತರ್ಕವೆಲ್ಲ ಇದರ ಮೇಲೆ ನಿಂತಿದೆ. ನಾಯಿಯ ದೇಹದ ರೀತಿ ಬೇರೆ. ಬೆದೆ ಮುಗಿದ ಮೇಲೆ ಗಬ್ಬ ನಿಂತರೂ ನಿಲ್ಲದಿದ್ದರೂ ಸುಮಾರು ಎರಡು ತಿಂಗಳ ಕಾಲ ಅದರ ಅಂಡಾಶಯ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನನ್ನು ಸುರಿಸುತ್ತಲೇ ಇರುತ್ತದೆ. ಮರಿಯನ್ನು ಕಾಪಾಡುವುದು ಈ ಹಾರ್ಮೋನಿನ ಕೆಲಸ. ಅದು ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ, ಅಲ್ಲಿನ ಗ್ರಂಥಿಗಳಿಂದ ದ್ರವ ಒಸರಿಸುತ್ತದೆ, ಗರ್ಭಕೋಶ ಹಿಂಡಿಕೊಳ್ಳದಂತೆ ತಡೆಯುತ್ತದೆ, ಗರ್ಭಕೋಶದ ಕೊರಳನ್ನು ಮುಚ್ಚುತ್ತದೆ. ಹೊರಗಿನದನ್ನು ಎದುರಿಸುವ ಅಲ್ಲಿನ ಶಕ್ತಿಯನ್ನೂ ಕುಗ್ಗಿಸುತ್ತದೆ. ಮರಿ ಇದ್ದರೆ ಇದೆಲ್ಲ ಒಳ್ಳೆಯದೇ. ಮರಿ ಇಲ್ಲದೆ ಬೆದೆಯ ನಂತರ ಬೆದೆ ಹೀಗೆಯೇ ಕಳೆದರೆ ಒಳಪದರ ಕೆಡುತ್ತಾ ಹೋಗುತ್ತದೆ. ಬೆದೆಯ ಹೊತ್ತಿನಲ್ಲಿ ಕೆಳಗಿನಿಂದ ಹತ್ತಿದ ಇ-ಕೋಲೈ ಬ್ಯಾಕ್ಟೀರಿಯಾಕ್ಕೆ ಆ ಬೆಚ್ಚಗಿನ ದ್ರವಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಬೆದೆ ಮುಗಿದು ಒಂದು ತಿಂಗಳಿಗೋ ಎರಡು ತಿಂಗಳಿಗೋ ಕಾಯಿಲೆ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ. ಅಷ್ಟರೊಳಗೆ ಬೆದೆಯ ಮಾತು ಮನೆಯವರಿಗೆ ಮರೆತೇಹೋಗಿರುತ್ತದೆ.

ಕೊರಳು ತೆರೆದಿದ್ದರೆ ಕೀವು ಹೊರಗೆ ಸೋರುತ್ತದೆ, ವಾಸನೆ ಬರುತ್ತದೆ, ನೊಣ ಮುತ್ತುತ್ತವೆ. ಯಾರ ಕಣ್ಣಿಗಾದರೂ ಬೀಳುತ್ತದೆ. ಮುಚ್ಚಿದ್ದರೆ ಹೊರಗೆ ಒಂದು ಹನಿಯೂ ಕಾಣದು. ಒಳಗೇ ತುಂಬುತ್ತದೆ, ವಿಷ ರಕ್ತಕ್ಕೆ ಇಳಿಯುತ್ತದೆ. ಆ ವಿಷ ಮೂತ್ರಪಿಂಡವನ್ನು ಕೆಡಿಸುವುದರಿಂದ ನಾಯಿ ವಿಪರೀತ ನೀರು ಕುಡಿಯುತ್ತದೆ, ವಿಪರೀತ ಉಚ್ಚೆ ಹೊಯ್ಯುತ್ತದೆ. ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಮೂಲೆ ಹಿಡಿಯುತ್ತದೆ. ಮೈ ಬಿಸಿ ಇರಲೇಬೇಕೆಂದಿಲ್ಲ. ನಮ್ಮ ಭಾಗದ ಬಿಸಿಲಿನಲ್ಲಿ ನಾಯಿ ನೀರು ಜಾಸ್ತಿ ಕುಡಿದರೆ ಅದನ್ನು ಕಾಯಿಲೆ ಎಂದು ಯಾರು ತಿಳಿದಾರು? ಏಪ್ರಿಲ್, ಮೇ ತಿಂಗಳಲ್ಲಿ ಮನುಷ್ಯರೇ ಕೊಡಗಟ್ಟಲೆ ಕುಡಿಯುತ್ತೇವೆ.

ನಮ್ಮ ಊರಿನ ಕುರಿಗಾಹಿಯೊಬ್ಬರ ನಾಯಿಗೆ ಆದದ್ದು ಇದೇ. ಕುರಿ ಹಿಂಡಿನ ಜೊತೆ ಅಡವಿ ತಿರುಗುವ ನಾಯಿ ಅದು, ಹೆಸರು ಚೆಲುವಿ. ರಾತ್ರಿ ಹಟ್ಟಿಯ ಸುತ್ತ ತೋಳ ಸುಳಿದರೆ ಮೊದಲು ಎದ್ದು ನಿಲ್ಲುವುದು ಅವಳೇ. ಅಲೆಮಾರಿ ಬದುಕಿನಲ್ಲಿ ಮರಿಗಳನ್ನು ಹೊತ್ತು ತಿರುಗುವುದು ಕಷ್ಟವೆಂದು ಅವರು ಔಷಧ ಅಂಗಡಿಯೊಂದರಲ್ಲಿ ಕೇಳಿದ್ದಾರೆ. ‘ಬೆದಿ ನಿಂದ್ರಸೋ ಸೂಜಿ ಅದ, ಹಾಕಿಸ್ರಿ, ಏನೂ ಆಗಂಗಿಲ್ಲ’ ಎಂದು ಅಂಗಡಿಯವರು ಕೊಟ್ಟಿದ್ದಾರೆ. ವೈದ್ಯರ ಚೀಟಿ ಇಲ್ಲ, ನಾಯಿಯನ್ನು ನೋಡಿದವರಿಲ್ಲ. ಆ ಸೂಜಿಯಲ್ಲಿ ಇದ್ದದ್ದು ಮೆಡ್ರಾಕ್ಸಿ ಪ್ರೊಜೆಸ್ಟೆರಾನ್. ಅಂದರೆ ಗರ್ಭಕೋಶವನ್ನು ಕೀವಿಗೆ ಸಿದ್ಧಮಾಡುವ ಹಾರ್ಮೋನಿನ ಜಾತಿಯದ್ದೇ, ಹೊರಗಿನಿಂದ, ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುವ ಹಾಗೆ. ಬೆದೆ ತಡೆಯಲು ಇದನ್ನು ಹಾಕಿಸಿಕೊಂಡ ನಾಯಿಗಳಲ್ಲಿ ಪಯೋಮೆಟ್ರಾದ ಅಪಾಯ ಹೆಚ್ಚುತ್ತದೆ ಎಂಬುದು ಪಶುವೈದ್ಯಕೀಯ ಪಠ್ಯಗಳಲ್ಲಿರುವ ಮಾತು. ಬೇಡದ ಗಬ್ಬ ತಡೆಯಲೆಂದು ಕೊಡುವ ಈಸ್ಟ್ರೋಜನ್ ಸೂಜಿಯೂ ಅಷ್ಟೇ ಅಪಾಯದ್ದು.

ಕೆಲವು ವಾರ ಕಳೆದ ಮೇಲೆ ಚೆಲುವಿಯ ಹೊಟ್ಟೆ ದಪ್ಪವಾಯಿತು. ನೋಡಿದವರೆಲ್ಲ ‘ಗಬ್ಬ ಅದ, ಸೂಜಿ ಹತ್ತಿಲ್ಲ’ ಎಂದರು. ಅವಳು ರೊಟ್ಟಿ ಮುಟ್ಟಲಿಲ್ಲ. ಕುರಿಗಳ ನೀರಿನ ತೊಟ್ಟಿಗೆ ಬಾಯಿ ಹಾಕಿದರೆ ತೆಗೆಯುತ್ತಿರಲಿಲ್ಲ. ನಮ್ಮ ಭಾಗದ ಒಂದು ಪಶು ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಹೊಟ್ಟೆ ಮುಟ್ಟಿ ನೋಡಿ, ಗಬ್ಬವೋ ಬೇರೆ ಏನೋ ಎಂದು ಸ್ಕ್ಯಾನ್ ಮಾಡದೆ ಹೇಳಲಾಗದು ಎಂದರು. ಅಲ್ಲಿ ಸ್ಕ್ಯಾನ್ ಇರಲಿಲ್ಲ. ಮನುಷ್ಯರ ಸ್ಕ್ಯಾನಿಂಗ್ ಸೆಂಟರಿನವರು ನಾಯಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ; ಅವರನ್ನು ದೂರುವಂತಿಲ್ಲ. ಆ್ಯಂಟಿಬಯೋಟಿಕ್ ಸೂಜಿ, ಸಲೈನ್ ಹಾಕಿ ಕಳಿಸಿದರು. ದೊಡ್ಡ ಊರಿಗೆ ಹೋಗಿ ಎಂದರು. ಹಿಂಡನ್ನು ಅಡವಿಯಲ್ಲಿ ಬಿಟ್ಟು ಕುರಿಗಾಹಿ ಎಲ್ಲಿಗೆ ಹೋದಾನು? ಚೆಲುವಿ ಸತ್ತಳು.

ಆಸ್ಪತ್ರೆಯ ಹೆಸರು ಬೇಕೆಂದೇ ಬರೆದಿಲ್ಲ. ನನ್ನ ದೂರು ಆ ವೈದ್ಯರ ಮೇಲಲ್ಲ. ಸತ್ತ ಮೇಲೆ ನಮ್ಮ ಕೋರಿಕೆಗೆ ಮರಣೋತ್ತರ ಪರೀಕ್ಷೆ ಮಾಡಿದವರೂ ಅವರೇ. ನಾನು ಪಕ್ಕದಲ್ಲಿ ನಿಂತು ನೋಡಿದೆ. ಹೆಣ್ಣುನಾಯಿಯ ಗರ್ಭಕೋಶಕ್ಕೆ ಎರಡು ಕವಲುಗಳಿರುತ್ತವೆ. ಸಾಮಾನ್ಯವಾಗಿ ಅವು ನಮ್ಮ ಕಿರುಬೆರಳಿಗಿಂತ ಸಪೂರ. ಚೆಲುವಿಯ ಹೊಟ್ಟೆ ತೆರೆದಾಗ ಕಂಡವು ನನ್ನ ಮುಂಗೈ ಗಾತ್ರದವು. ಕರುಳನ್ನೆಲ್ಲ ಒಂದು ಬದಿಗೆ ಒತ್ತಿ, ಸುತ್ತಿ ಮಲಗಿದ್ದವು. ಅವುಗಳ ಗೋಡೆ ಅಲ್ಲಲ್ಲಿ ಕಾಗದದಷ್ಟು ತೆಳುವಾಗಿ ಒಳಗಿನ ಬಣ್ಣ ಹೊರಗೇ ಕಾಣುತ್ತಿತ್ತು. ವೈದ್ಯರು ಕತ್ತರಿಯ ತುದಿ ತಾಗಿಸಿದ ಕೂಡಲೇ ಕಂದುಗೆಂಪು ಕೀವು ಉಕ್ಕಿ ಟ್ರೇ ತುಂಬಿ ನೆಲಕ್ಕೆ ಹರಿಯಿತು. ಅಲ್ಲಿದ್ದವರು ಮೂಗು ಮುಚ್ಚಿಕೊಂಡರು. ಕುರಿಗಾಹಿ ಮಾತ್ರ ಮುಚ್ಚಿಕೊಳ್ಳದೆ ನೋಡುತ್ತ ನಿಂತಿದ್ದರು. ‘ಇಷ್ಟು ಹೊಟ್ಯಾಗ ಇಟ್ಕೊಂಡು ಹಿಂಡಿನ ಸಂಗಟ ನಡದಾಳಲ್ರೀ’ ಎಂದರು. ಆ ಮಾತಿಗೆ ಅಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಮಾನ್ಯರೇ, ಇದೇ ಕಾಯಿಲೆ ಹೊತ್ತಿಗೆ ಸರಿಯಾಗಿ ಗೊತ್ತಾದರೆ ಏನಾಗುತ್ತದೆ ಎಂಬುದನ್ನೂ ನಾನು ಕಂಡಿದ್ದೇನೆ. ನಮ್ಮ ಹೊಲದ ಮನೆಯಲ್ಲಿ ಕೆಂಚಿ ಎಂಬ ನಾಟಿ ನಾಯಿ ಇದೆ. ಎಂಟು ವರ್ಷದವಳು. ಸಾಮಾನ್ಯವಾಗಿ ಮೂರು ವಾರಕ್ಕೆ ಮುಗಿಯುವ ಬೆದೆ ಅವಳಿಗೆ ಒಂದು ಸಲ ಮುಗಿಯಲೇ ಇಲ್ಲ. ತಿಂಗಳು ದಾಟಿದರೂ ರಕ್ತದ ಕಲೆ ನಿಲ್ಲಲಿಲ್ಲ, ಬಾವು ಇಳಿಯಲಿಲ್ಲ. ಎರಡೂ ಪಕ್ಕೆಗಳಲ್ಲಿ ಒಂದೇ ಸಮನಾಗಿ ಕೂದಲು ಉದುರತೊಡಗಿತು. ಆಮೇಲೆ ಕೀವು ಕಾಣಿಸಿತು. ನನಗೆ ಸಂಬಳವಿದೆ, ಗಾಡಿ ಮಾಡಿಕೊಂಡು ದೂರದ ನಗರದ ಆಸ್ಪತ್ರೆಗೆ ಒಯ್ಯುವಷ್ಟು ಅನುಕೂಲವಿದೆ. ಅಲ್ಲಿ ಹೊಟ್ಟೆಯ ಕೂದಲು ಬೋಳಿಸಿ, ಜೆಲ್ ಹಚ್ಚಿ, ಪ್ರೋಬ್ ಇಟ್ಟು ಕೆಲವೇ ನಿಮಿಷದಲ್ಲಿ ಪರದೆಯ ಮೇಲೆ ತೋರಿಸಿದರು: ಗರ್ಭಕೋಶದ ಕವಲುಗಳಲ್ಲಿ ಕಪ್ಪಗೆ ನಿಂತ ದ್ರವ, ಬಲ ಮೂತ್ರಪಿಂಡದ ಹಿಂದೆ ಮೋಸಂಬಿಯಷ್ಟು ದಪ್ಪದ ಗಡ್ಡೆ. ಅದು ಅಂಡಾಶಯದ ಗಡ್ಡೆ. ಅದೇ ದಿನ ಸಲೈನ್ ಏರಿಸಿ, ಆ್ಯಂಟಿಬಯೋಟಿಕ್ ಕೊಟ್ಟು, ಅಂಡಾಶಯ ಮತ್ತು ಗರ್ಭಕೋಶ ಎರಡನ್ನೂ ತೆಗೆದರು. ಕೆಂಚಿ ಬದುಕಿದಳು, ಪಕ್ಕೆಯ ಕೂದಲೂ ಮತ್ತೆ ಬಂತು.

ತೆಗೆದ ಗಡ್ಡೆಯ ಬಯಾಪ್ಸಿ ವರದಿಯಲ್ಲಿ ಗ್ರಾನುಲೋಸಾ ಕೋಶಗಳ, ಅಂದರೆ ಅಂಡಾಶಯದಲ್ಲಿ ಅಂಡವನ್ನು ಸುತ್ತುವರಿದಿರುವ ಕೋಶಗಳ, ಗಡ್ಡೆ ಎಂದಿತ್ತು. ನಾಯಿಗಳಲ್ಲಿ ಅಂಡಾಶಯದ ಗಡ್ಡೆ ಅಪರೂಪದ್ದೇ. ಆದರೆ ಗ್ರಾನುಲೋಸಾ ಗಡ್ಡೆ ಸುಮ್ಮನೆ ಬೆಳೆಯುವುದಲ್ಲ, ಎಷ್ಟೋ ಸಲ ತಾನೇ ಹಾರ್ಮೋನು ತಯಾರಿಸುತ್ತದೆ. ಈಸ್ಟ್ರೋಜನ್ ಸುರಿಸಿದರೆ ಬೆದೆ ನಿಲ್ಲುವುದಿಲ್ಲ, ಕೂದಲು ಉದುರುತ್ತದೆ, ಮಿತಿಮೀರಿದರೆ ಮೂಳೆಯೊಳಗಿನ ಮಜ್ಜೆ ಸೊರಗಿ ರಕ್ತ ಉತ್ಪತ್ತಿಯೇ ಕುಗ್ಗುತ್ತದೆ. ಪ್ರೊಜೆಸ್ಟೆರಾನ್ ಸುರಿಸಿದರೆ ಗರ್ಭಕೋಶ ಕೆಟ್ಟು ಕೀವಾಗುತ್ತದೆ. ಎಂದರೆ ಕೀವು ಕಂಡ ನಾಯಿಯಲ್ಲಿ ಅದರ ಹಿಂದೆ ಗಡ್ಡೆಯೂ ಇರಬಹುದು. ಬೇರೆ ಬಗೆಯ ಗಡ್ಡೆಗಳೂ ಇವೆ. ಅಂಡಾಶಯದ ಹೊರಪದರದಿಂದ ಹುಟ್ಟುವ ಕ್ಯಾನ್ಸರ್ ಹೊಟ್ಟೆಯೊಳಗೆಲ್ಲ ಹರಡಿ ನೀರು ತುಂಬಿಸುತ್ತದೆ. ಟೆರಟೋಮಾ ಎಂಬುದು ಚಿಕ್ಕ ವಯಸ್ಸಿನ ನಾಯಿಗಳಲ್ಲೂ ಬರುತ್ತದೆ, ಅದರೊಳಗೆ ಕೂದಲು, ಮೂಳೆ, ಕೆಲವೊಮ್ಮೆ ಹಲ್ಲೂ ಇರುತ್ತವೆ. ಹರಡುವ ಮೊದಲೇ ತೆಗೆದರೆ ಇವುಗಳಲ್ಲಿ ಬಹಳಷ್ಟು ನಾಯಿಗಳು ಬದುಕುತ್ತವೆ. ಹೊರಗಿನಿಂದ ಸೂಜಿ ಚುಚ್ಚಿ ಪರೀಕ್ಷೆ ಮಾಡಲು ಹೋದರೆ ಕ್ಯಾನ್ಸರ್ ಕೋಶಗಳು ಹೊಟ್ಟೆಯಲ್ಲಿ ಚೆಲ್ಲುವ ಭಯವಿರುವುದರಿಂದ ಮೊದಲು ಸ್ಕ್ಯಾನ್, ಆಮೇಲೆ ಶಸ್ತ್ರಚಿಕಿತ್ಸೆ ಎಂಬುದೇ ದಾರಿ. ಆ ಮೊದಲ ಮೆಟ್ಟಿಲೇ ಹತ್ತಿರದಲ್ಲಿ ಸಿಗುವುದಿಲ್ಲ ಎಂಬುದು ನನ್ನ ದೂರು.

ಚೆಲುವಿ ಸತ್ತು ಕೆಂಚಿ ಉಳಿದದ್ದಕ್ಕೆ ಕಾಯಿಲೆಯ ತೀವ್ರತೆ ಕಾರಣವಲ್ಲ. ನಿಜ ಹೇಳಬೇಕೆಂದರೆ ಗಡ್ಡೆ ಇದ್ದ ಕೆಂಚಿಯದ್ದೇ ಹೆಚ್ಚು ತೊಡಕಿನ ಪ್ರಕರಣ. ಮಾಲೀಕನ ಜೇಬಿನಲ್ಲಿ ಗಾಡಿ ಬಾಡಿಗೆ ಇತ್ತೋ ಇಲ್ಲವೋ ಎಂಬುದೊಂದೇ ವ್ಯತ್ಯಾಸ. ಹಿಂದುಳಿದ ಪ್ರದೇಶಕ್ಕೆಂದು ಸಂವಿಧಾನಕ್ಕೆ 371(ಜೆ) ವಿಧಿ ಸೇರಿಸಿಕೊಂಡವರು ನಾವು. ಅದರ ಫಲವಾಗಿ ಹುಟ್ಟಿದ ಮಂಡಳಿ ನಿಮ್ಮದು. ರಾಜ್ಯ ಬಜೆಟ್‌ನಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾದದ್ದನ್ನು ನಾವೆಲ್ಲ ಓದಿದ್ದೇವೆ. ಅದರಲ್ಲಿ ಸಾಕುಪ್ರಾಣಿಗಳ ಪಾಲೆಷ್ಟು ಎಂದು ಕೇಳುವ ಹಕ್ಕು ಕುರಿಗಾಹಿಗೂ ಇದೆ.

‘ಮನುಷ್ಯರಿಗೇ ಸರಿಯಾದ ಆಸ್ಪತ್ರೆ ಇಲ್ಲ, ನಾಯಿಗೆ ಸ್ಕ್ಯಾನ್ ಬೇಕೇ’ ಎಂದು ಕೇಳುವವರಿದ್ದಾರೆ. ನನ್ನ ಸಹೋದ್ಯೋಗಿಗಳೇ ಕೇಳಿದ್ದಾರೆ. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಹೆರಿಗೆಗೆ ಊರೂರು ಅಲೆದ ತಾಯಂದಿರನ್ನು ನಾನೂ ಕಂಡಿದ್ದೇನೆ. ಆದರೆ ನಾನು ಕೇಳುತ್ತಿರುವುದು ನಾಯಿಗೆಂದೇ ಮೀಸಲಾದ ಯಂತ್ರವನ್ನಲ್ಲ. ಅದೇ ಯಂತ್ರದಲ್ಲಿ ಕುರಿ, ಮೇಕೆಗಳ ಗಬ್ಬ ನೋಡಬಹುದು. ಹಿಂಡಿನಲ್ಲಿ ಗಬ್ಬ ನಿಂತವು ಯಾವುವು, ಬರಡು ಯಾವುವು ಎಂದು ಮೊದಲೇ ಗೊತ್ತಾದರೆ ಕುರಿಗಾಹಿಗೆ ಮೇವಿನ ಲೆಕ್ಕ ಸಿಗುತ್ತದೆ. ಎಮ್ಮೆ, ಆಕಳಿನ ಗರ್ಭಕೋಶದ ಸೋಂಕಿಗೂ ಅದೇ ಬೇಕು. ಇನ್ನು ನಾಯಿಯ ಮಾತು: ಹಿಂಡು ಕಾಯುವ ನಾಯಿ ಸತ್ತರೆ ಒಂದೇ ರಾತ್ರಿಯಲ್ಲಿ ಮರಿಗಳನ್ನು ಕಳೆದುಕೊಳ್ಳುವ ಕುಟುಂಬಗಳಿವೆ. ಅವರ ಪಾಲಿಗೆ ನಾಯಿ ಶೋಕಿಯ ವಸ್ತುವಲ್ಲ.

ಇನ್ನೊಂದು ಸಂಗತಿಯನ್ನು ಮಂಡಳಿ ಗಮನಿಸಬೇಕು. ಪಯೋಮೆಟ್ರಾ ಮತ್ತು ಅಂಡಾಶಯದ ಗಡ್ಡೆ ಎರಡನ್ನೂ ಬರದಂತೆ ತಡೆಯುವ ಉಪಾಯ ಒಂದೇ: ಆರೋಗ್ಯವಾಗಿರುವಾಗಲೇ ಅಂಡಾಶಯ, ಗರ್ಭಕೋಶಗಳನ್ನು ತೆಗೆಯುವ ಸಂತಾನಹರಣ ಶಸ್ತ್ರಚಿಕಿತ್ಸೆ. ಬೀದಿನಾಯಿಗಳ ವಿಷಯದಲ್ಲಿ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿರುವುದೂ ಇದೇ ಕೆಲಸ, ಜೊತೆಗೆ ರೇಬೀಸ್ ಲಸಿಕೆ. ಬೀದಿನಾಯಿ ಕಚ್ಚಿದ ಸುದ್ದಿ ಬಂದಾಗಲೆಲ್ಲ ನಾವು ಕೂಗಾಡುತ್ತೇವೆ. ಶಸ್ತ್ರಚಿಕಿತ್ಸೆ ಮಾಡಲು ಟೇಬಲ್ಲು, ಅರಿವಳಿಕೆ, ಪಳಗಿದ ಕೈ ಎಲ್ಲಿವೆ ಎಂದು ಮಾತ್ರ ಕೇಳುವುದಿಲ್ಲ. ಒಂದು ಒಳ್ಳೆಯ ಶಸ್ತ್ರಚಿಕಿತ್ಸಾ ಕೊಠಡಿ ಇದ್ದರೆ ಬೆಳಗ್ಗೆ ಬೀದಿನಾಯಿಗಳ ಸಂತಾನಹರಣ, ತುರ್ತು ಬಂದಾಗ ಚೆಲುವಿಯಂಥವರ ಜೀವ, ಎರಡೂ ಅಲ್ಲೇ ನಡೆಯುತ್ತವೆ. ಕೈ ಪಳಗಿರಬೇಕು ಎಂದು ಒತ್ತಿ ಹೇಳಲು ಕಾರಣವಿದೆ. ಅವಸರದ ಶಿಬಿರಗಳಲ್ಲಿ ಅಂಡಾಶಯದ ಒಂದು ತುಣುಕು ಒಳಗೇ ಉಳಿದರೂ ನಾಯಿ ಮತ್ತೆ ಬೆದೆಗೆ ಬರುತ್ತದೆ, ಉಳಿದ ಗರ್ಭಕೋಶದ ಮೋಟಿನಲ್ಲಿ ಮತ್ತೆ ಕೀವಾಗಬಹುದು.

ಆದ್ದರಿಂದ ನನ್ನ ಕೋರಿಕೆಗಳು ಇವು. ಮೊದಲನೆಯದಾಗಿ, ಯಾದಗಿರಿ ಜಿಲ್ಲೆಯಲ್ಲಿ ಪಶುಪಾಲನಾ ಇಲಾಖೆ ಸೂಚಿಸುವ ಒಂದು ಜಾಗದಲ್ಲಿ ಅಲ್ಟ್ರಾಸೌಂಡ್ ಯಂತ್ರ, ಡಿಜಿಟಲ್ ಎಕ್ಸ್-ರೇ, ರಕ್ತ ಪರೀಕ್ಷೆಯ ಯಂತ್ರ ಮತ್ತು ಅರಿವಳಿಕೆ ಸೌಲಭ್ಯವಿರುವ ಕೊಠಡಿಗೆ ಮಂಡಳಿ ಅನುದಾನ ಕೊಡಬೇಕು. ಯಂತ್ರ ಖರೀದಿಸುವಾಗ ಒಂದು ಎಚ್ಚರಿಕೆ ಬೇಕು: ದನಗಳ ಗಬ್ಬ ನೋಡಲು ಗುದದ್ವಾರದ ಮೂಲಕ ಬಳಸುವ ಪ್ರೋಬ್ ಒಂದನ್ನೇ ಕೊಂಡರೆ ನಾಯಿ, ಮೇಕೆಗಳಿಗೆ ಅದು ಸಾಲದು. ಹೊಟ್ಟೆಯ ಮೇಲಿಂದ ನೋಡಲು ಮೈಕ್ರೋ ಕಾನ್ವೆಕ್ಸ್ ಎಂಬ, ಚಿಕ್ಕ ಉಬ್ಬುತಲೆಯ ಪ್ರೋಬ್ ಬೇಕು. ಟೆಂಡರಿನಲ್ಲಿ ಆ ಒಂದು ಸಾಲು ಬಿಟ್ಟುಹೋದರೆ ಕೊಂಡ ಯಂತ್ರ ಅರ್ಧ ಪ್ರಯೋಜನಕ್ಕೂ ಬರುವುದಿಲ್ಲ.

ಯಂತ್ರ ಕೊಟ್ಟು ನಡೆಸುವವರನ್ನು ಕೊಡದಿದ್ದರೆ ಅದು ಮುಸುಕು ಹೊದ್ದು ಮೂಲೆಯಲ್ಲಿ ಕೂರುತ್ತದೆ. ಅಂಥವನ್ನು ನಮ್ಮ ಭಾಗ ಸಾಕಷ್ಟು ಕಂಡಿದೆ. ಇಡೀ ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಇರುವುದು ನಮ್ಮ ವಿಭಾಗದ ಬೀದರ್‌ನಲ್ಲೇ, ಅಲ್ಲೇ ಪಶುವೈದ್ಯಕೀಯ ಕಾಲೇಜೂ ಇದೆ. ಇದು ನಮಗೆ ಹೆಮ್ಮೆ. ಆದರೆ ಶಹಾಪುರದಿಂದ ಬೀದರ್ ಸುಮಾರು 200 ಕಿಲೋಮೀಟರ್. ರಕ್ತಕ್ಕೆ ವಿಷ ಇಳಿದ ನಾಯಿಗೆ ಅಷ್ಟು ದೂರ ಸಾಗುವ ಶಕ್ತಿ ಇರುವುದಿಲ್ಲ. ನಾಯಿ ಅಲ್ಲಿಗೆ ಹೋಗಲಾಗದಿದ್ದರೆ ಅಲ್ಲಿನ ವಿದ್ಯೆ ಇಲ್ಲಿಗೆ ಬರಲಿ. ಯಾದಗಿರಿಯ ಪಶುವೈದ್ಯರಿಗೆ ಸ್ಕ್ಯಾನ್ ಓದುವುದರಲ್ಲಿ ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಅಲ್ಲಿನ ಪ್ರಾಧ್ಯಾಪಕರಿಂದ ತರಬೇತಿ ಕೊಡಿಸಲು ಮಂಡಳಿ ವೆಚ್ಚ ಭರಿಸಲಿ. ತೆಗೆದ ಗಡ್ಡೆಯ ತುಣುಕನ್ನು ಶೇ 10ರ ಫಾರ್ಮಲಿನ್ ಇರುವ ಬಾಟಲಿಯಲ್ಲಿ ಹಾಕಿ ಬಸ್ಸಿನಲ್ಲೋ ಅಂಚೆಯಲ್ಲೋ ಬೀದರ್‌ಗೆ ಕಳಿಸಿ, ವರದಿಯನ್ನು ಮೊಬೈಲ್‌ಗೆ ತರಿಸಿಕೊಳ್ಳುವ ವ್ಯವಸ್ಥೆ ಆದರೆ ಅದಕ್ಕೆ ಹೆಚ್ಚಿನ ಖರ್ಚೂ ಇಲ್ಲ. ಯಾವ ಗಡ್ಡೆ ಎಂದು ಗೊತ್ತಾಗದೆ ಮುಂದೆ ನಾಯಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳಲಾಗುವುದಿಲ್ಲ.

ಚೀಟಿ ಇಲ್ಲದೆ ಬೆದೆ ತಡೆಯುವ ಸೂಜಿ ಮಾರುವುದನ್ನು ನಿಲ್ಲಿಸುವುದು ಮಂಡಳಿಯ ಕೈಯಲ್ಲಿಲ್ಲ, ತಿಳಿದಿದೆ. ಔಷಧ ನಿಯಂತ್ರಣ ಅಧಿಕಾರಿಗಳಿಗೆ ಮಂಡಳಿಯಿಂದ ಒಂದು ಪತ್ರ ಹೋದರೆ ನನ್ನಂಥವನ ಹತ್ತು ಅರ್ಜಿಗಿಂತ ಅದಕ್ಕೆ ತೂಕ ಹೆಚ್ಚು.

ಹಣವೇ ಬೇಡದ ಒಂದು ಕೆಲಸವನ್ನು ನಾಳೆಯೇ ಮಾಡಬಹುದು. ಪ್ರತಿ ಪಶು ಆಸ್ಪತ್ರೆಯ ಗೋಡೆಯ ಮೇಲೆ, 1962ಕ್ಕೆ ಕರೆ ಮಾಡಿದರೆ ಬರುವ ಪಶು ಸಂಜೀವಿನಿ ವಾಹನಗಳ ಮೇಲೆ, ದೊಡ್ಡ ಅಕ್ಷರದಲ್ಲಿ ನಾಲ್ಕು ಸಾಲು ಬರೆಸಿ: ಹೆಣ್ಣುನಾಯಿ ಬೆದೆ ಮುಗಿದ ಎರಡು ಮೂರು ತಿಂಗಳೊಳಗೆ ಊಟ ಬಿಟ್ಟು ನೀರು ಹೆಚ್ಚು ಕುಡಿದರೆ, ಹೊಟ್ಟೆ ಉಬ್ಬಿದರೆ, ಕೀವು ಸೋರಿದರೆ ಅಂದೇ ವೈದ್ಯರಿಗೆ ತೋರಿಸಿ. ಬೆದೆ ತಿಂಗಳಾದರೂ ನಿಲ್ಲದಿದ್ದರೆ ತೋರಿಸಿ. ಬೆದೆ ಬಂದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅಂಗಡಿಯ ಸೂಜಿ ಹಾಕಿಸಬೇಡಿ. ಇದನ್ನು ಓದುತ್ತಿರುವ ನಾಯಿ ಸಾಕಿದವರೆಲ್ಲರಿಗೂ ನನ್ನ ಮನವಿ ಇದೇ. ಮಂಡಳಿಯ ಉತ್ತರಕ್ಕೆ ಕಾಯಬೇಕಾಗಿಲ್ಲ.

ಚೆಲುವಿಯ ಮರಣೋತ್ತರ ವರದಿ, ಕೆಂಚಿಯ ಸ್ಕ್ಯಾನ್ ಚಿತ್ರ ಮತ್ತು ಬಯಾಪ್ಸಿ ವರದಿಗಳ ಪ್ರತಿಗಳನ್ನು ಈ ಪತ್ರದೊಂದಿಗೆ ಮಂಡಳಿಯ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ನಮ್ಮ ಊರಿನ ಕುರಿಗಾಹಿಗಳು ಸಹಿ ಮಾಡಿದ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ ಮನವಿಯೂ ಅದರಲ್ಲಿದೆ. ಮಂಡಳಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಈ ಬೇಡಿಕೆಯನ್ನು ಸೇರಿಸುವಿರೋ ಇಲ್ಲವೋ, ಸೇರಿಸಲಾಗದಿದ್ದರೆ ಏಕೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕ,
ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ